ಅರಿವೆ ಕಾಗದದ ಮೂಲೆ

ಹೊಳೆ ದಂಡೆಯ ಒಂದು ಆಶ್ರಮದಲ್ಲಿ ಮಡಿವಾಳಜ್ಜ ಎಂಬ ಗುರುಗಳಿದ್ದರು. ಅವರಿಗಿದ್ದವನು ಒಬ್ಬನೇ ಶಿಷ್ಯ. ಆ ಒಬ್ಬನಿಂದಲೇ ಅವರಿಗೆ ಸಾಕುಸಾಕಾಗಿ ಹೋಗಿತ್ತು.

ಶಿಷ್ಯನ ಹೆಸರು ಫಕೀರಪ್ಪ. ಐವತ್ತು ದಾಟಿದ ಆಸಾಮಿ. ಆಶ್ರಮಕ್ಕೆ ಬರುವ ಮೊದಲು ಇಪ್ಪತ್ತೆಂಟು ವರ್ಷ ಮನೆಮನೆಗೆ ತಿರುಗಿ ಕರೆಂಟಿನ ಮೀಟರ್ ಓದಿದವನು. ನಾಯಿ ಅಟ್ಟಿಸಿಕೊಂಡು ಬಂದರೂ ಸರಿ, ಮೀಟರನ್ನು ಕಣ್ಣಾರೆ ನೋಡದೆ ಒಂದು ಅಂಕಿ ಬರೆದವನಲ್ಲ.

ಆಶ್ರಮದ ಕಸುಬು ಅರಿವೆ ಕಾಗದ ಮಾಡುವುದು.

ಮರದ ಹಲಗೆಗೆ ತೆಳ್ಳಗೆ ಎಣ್ಣೆ ಸವರಿ, ಅದರ ಮೇಲೆ ಒಗೆದು ಒಗೆದು ಮೆತ್ತಗಾದ ಹಳೆಯ ಧೋತರದ ತುಂಡು ಹಾಸುವುದು. ಹುಣಸೆ ಬೀಜ ಅರೆದು ಕಾಯಿಸಿದ ಅಂಟನ್ನು ಬಳಿಯುವುದು. ಮೇಲೊಂದು ತೆಳುವಾದ ಕಾಗದ, ಕಾಗದದ ಮೇಲೆ ಎಲೆ, ದಾರ, ಬಣ್ಣದ ಅರಿವೆಯ ಚೂರು, ಮೇಲೆ ಮತ್ತೆ ಅಂಟು. ಮೂರು ದಿನ ನೆರಳಲ್ಲಿ ಬಿಟ್ಟರೆ ಎಲ್ಲವೂ ಕೂಡಿ ಒಂದು ಹಾಳೆಯಾಗುತ್ತದೆ. ಹೊಲಿಯಲು ಅರಿವೆ, ಬರೆಯಲು ಕಾಗದ. ಪಟ್ಟಣದ ಚಿತ್ರಕಲೆ ಮೇಷ್ಟ್ರುಗಳು ಬಂದು ಒಯ್ಯುತ್ತಿದ್ದರು. ಮಕ್ಕಳು ಅದನ್ನು ಕತ್ತರಿಸಿ ಚಿತ್ರಕ್ಕೆ ಅಂಟಿಸುವರು, ಹೊಲಿದು ಚೀಲ ಮಾಡುವರು, ಪುಸ್ತಕಕ್ಕೆ ಹೊದಿಸುವರು.

ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಇರುವುದು ಒಂದೇ ನಿಯಮ. ಒಣಗುವ ತನಕ ಹಾಳೆಯನ್ನು ಮುಟ್ಟಬಾರದು. ಮುಟ್ಟಿ ಎತ್ತಿದರೆ ಒಳಗೆ ಗಾಳಿ ಹೊಕ್ಕು ಗುಳ್ಳೆ ಏಳುತ್ತದೆ. ಅಲ್ಲಿಂದ ಅರಿವೆ ಒಂದು ಕಡೆ, ಕಾಗದ ಇನ್ನೊಂದು ಕಡೆ.

ಫಕೀರಪ್ಪ ಮೂರು ವರ್ಷದಿಂದ ಹಾಳೆ ಮಾಡುತ್ತಿದ್ದ. ಮೂರು ವರ್ಷದಿಂದಲೂ ಪ್ರತಿಯೊಂದು ಹಾಳೆಯ ಬಲಗಡೆಯ ಕೆಳಮೂಲೆ ಗುಳ್ಳೆ ಎದ್ದು ಹಾಳಾಗುತ್ತಿತ್ತು. ಬೇರೆ ಮೂಲೆಯಾದರೂ ಆಗಿದ್ದರೆ ಗುರುಗಳಿಗೆ ಒಂದಿಷ್ಟು ಸಮಾಧಾನ ಇರುತ್ತಿತ್ತೇನೋ. ಇಲ್ಲ, ಅದೇ ಮೂಲೆ.

ಮೇಷ್ಟ್ರುಗಳು ಮೂಲೆ ಕತ್ತರಿಸಿ ಉಳಿದದ್ದನ್ನು ಒಯ್ಯುತ್ತಿದ್ದರು. ಕತ್ತರಿಯ ಸಪ್ಪಳ ಕೇಳಿದಾಗಲೆಲ್ಲ ಮಡಿವಾಳಜ್ಜ ಒಳಗೆ ಎದ್ದು ಹೋಗುತ್ತಿದ್ದರು.

ತಾವೇ ಮಾಡೋಣವೆಂದರೆ ಕೈ ನಡುಗುತ್ತಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಜಗಲಿಯ ಮೇಲೆ ಕೂತರೆ ಅಂಗಳದ ಹಲಗೆ ಒಂದು ಮಸುಕು ಕಲೆಯಾಗಿ ಕಾಣುತ್ತಿತ್ತು, ಅಷ್ಟೇ.

"ಫಕೀರಪ್ಪಾ, ಒಣಗೇತೇನು?" ಎಂದು ಜಗಲಿಯಿಂದಲೇ ಕೇಳುವರು.

ಸ್ವಲ್ಪ ಹೊತ್ತಿಗೆ ಉತ್ತರ ಬರುವುದು. "ಇನ್ನೂ ಹಸಿ ಐತ್ರಿ ಅಜ್ಜಾರ."

ಮೂರನೇ ದಿನ ಹಾಳೆಯನ್ನು ಕೈಗೆ ತೆಗೆದುಕೊಂಡು, ಬೆರಳಾಡಿಸಿ, ಗುಳ್ಳೆ ಸಿಕ್ಕಿದ ಕೂಡಲೇ ಗುರುಗಳು ಹಣೆ ಚಚ್ಚಿಕೊಳ್ಳುವರು.

"ಮತ್ತ ಮೂಲಿ ಎತ್ತೀಯಲ್ಲೋ! ಯಾಕ ಎತ್ತಿದಿ? ಹೇಳು, ಯಾಕ ಎತ್ತಿದಿ?"

"ಅದು ಏನಂದ್ರ ಅಜ್ಜಾರ..."

"ಬಾಯಿ ಮುಚ್ಚು! ಎದುರು ಮಾತಾಡಬ್ಯಾಡ."

ಫಕೀರಪ್ಪ ಬಾಯಿ ಮುಚ್ಚುತ್ತಿದ್ದ.

ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು.

"ಇವತ್ತು ನಿನಗೇನು ತಿಳೀತು?"

ಫಕೀರಪ್ಪ ಕಣ್ಣು ಮುಚ್ಚಿ ತನ್ನೊಳಗೆ ಹುಡುಕುವನು. ಬಹಳ ಹೊತ್ತು ಹುಡುಕುವನು. ಕಡೆಗೆ, "ಏನೂ ಕಾಣವಲ್ದು ಅಜ್ಜಾರ," ಎನ್ನುವನು.

"ಹೋಗು, ಉಂಡು ಮಲಕ್ಕೋ," ಎಂದು ಗುರುಗಳು ಗೋಡೆಯ ಕಡೆ ಮುಖ ತಿರುಗಿಸುವರು.

ಹೀಗಿರುವಾಗ ಒಂದು ಅಮಾವಾಸ್ಯೆಯ ದಿನ ಹೊಳೆ ದಾಟಿ ರುದ್ರಮುನಿಜ್ಜ ಬಂದರು.

ರುದ್ರಮುನಿಜ್ಜ, ಮಡಿವಾಳಜ್ಜ ಇಬ್ಬರೂ ಒಬ್ಬನೇ ಗುರುವಿನ ಬಳಿ ಕಲಿತವರು. ಆ ಗುರುವನ್ನು ಎಲ್ಲರೂ ದೊಡ್ಡಜ್ಜ ಎನ್ನುತ್ತಿದ್ದರು. ಅವರು ಹೇಳಿ ಬರೆಸಿದ ಮಾತುಗಳ ಒಂದು ಕೈಬರಹದ ಪುಸ್ತಕ ಮಡಿವಾಳಜ್ಜನ ಹತ್ತಿರ ಇತ್ತು. ಜತೆಗೆ ಅವರು ಉಡುತ್ತಿದ್ದ ಧೋತರದ ಒಂದು ತುಂಡೂ ಇತ್ತು. ಒಂದೇ ಹಾಳೆಗೆ ಆಗುವಷ್ಟು.

ರುದ್ರಮುನಿಜ್ಜ ಪುಸ್ತಕವನ್ನು ಎತ್ತಿ ನೋಡಿದರು. ಎರಡು ಪುಟ ಉದುರಿ ನೆಲಕ್ಕೆ ಬಿದ್ದವು.

"ಮಡಿವಾಳಾ, ಇದಕ್ಕ ಹೊದಿಕಿ ಯಾವಾಗ ಹಾಕ್ತೀಯಪ್ಪಾ? ನೀ ಸತ್ತ ಮ್ಯಾಲೇನು?"

"ಹಾಕ್ತೀನಿ ರುದ್ರಣ್ಣ. ದೊಡ್ಡಜ್ಜಾರ ಧೋತರದ್ದ ಹಾಳಿ ಮಾಡಿ ಹಾಕ್ತೀನಿ."

"ನಿನ್ನ ಕೈ ನಡಗತೈತಿ. ಹಾಳಿ ಮಾಡೋರು ಯಾರು?"

ಮಡಿವಾಳಜ್ಜ ಬಿದ್ದ ಪುಟಗಳನ್ನು ತಡವಿ ಎತ್ತಿಕೊಂಡರು.

"ಆ ನಿನ್ನ ಶಿಷ್ಯ ತಯಾರಾದನೇನು?"

"ಇಲ್ಲ." ಈ ಮಾತು ಹೊರಗೆ ಬರುವಾಗ ಗುರುಗಳ ಹಲ್ಲು ಕಟಕಟ ಎಂದಿತು. "ಮೂರು ವರ್ಷಾತು. ದಿನಾ ಸಂಜಿಕ ಕೇಳಿ ನೋಡ್ತೀನಿ. ಇನ್ನೂ ಇಲ್ಲ."

"ಹಂಗಾದ್ರ ಕೇಳು. ಬರೂ ಹುಣ್ಣಿಮಿಗೆ ದೊಡ್ಡಜ್ಜಾರ ಪುಣ್ಯತಿಥಿ. ಅವತ್ತು ಬರ್ತೀನಿ. ಹೊದಿಕಿ ಆಗಿದ್ರ ನಿನ್ನ ಹತ್ರನ ಇರಲಿ. ಆಗಿರದಿದ್ರ ಪುಸ್ತಕ ನಾ ಒಯ್ತೀನಿ. ಪ್ಯಾಟ್ಯಾಗ ಲ್ಯಾಮಿನೇಷನ್ ಮಾಡಿ ಕೊಡ್ತಾರ. ನೀರು ಬಿದ್ರೂ ಏನೂ ಆಗೂದಿಲ್ಲ."

ಲ್ಯಾಮಿನೇಷನ್ ಎಂಬ ಮಾತು ಮಡಿವಾಳಜ್ಜನ ಎದೆಗೆ ಚುಚ್ಚಿತು. ದೊಡ್ಡಜ್ಜ ತಮ್ಮ ಕೈಯಾರೆ ಕಲಿಸಿದ ಕಸುಬು ಇದು. ಅವರ ಮಾತಿಗೇ ಪ್ಲಾಸ್ಟಿಕ್ಕಿನ ಹೊದಿಕೆಯೇ? ಪುಸ್ತಕ ಹೋದರೆ ಕಸುಬೂ ಹೋದಂತೆಯೇ ಎಂದು ಅವರಿಗೆ ಗೊತ್ತಿತ್ತು.

ರುದ್ರಮುನಿಜ್ಜ ಹೋದ ಕೂಡಲೇ ಅವರು ಫಕೀರಪ್ಪನನ್ನು ಕರೆದರು.

"ಹದಿನೈದು ದಿನ ಐತಿ. ಮೊದಲ ಬ್ಯಾರೆ ಅರಿವಿಮ್ಯಾಲೆ ಒಂದು ಹಾಳಿ ಮಾಡಿ ತೋರಿಸು. ಒಂದ ಒಂದು. ಗುಳ್ಳಿ ಇಲ್ಲದ್ದು. ಆಮ್ಯಾಲೆ ದೊಡ್ಡಜ್ಜಾರ ಧೋತರ ನಿನ್ನ ಕೈಯಾಗ ಕೊಡ್ತೀನಿ. ಏನೇ ಆಗಲಿ, ಹಾಳಿ ಮುಟ್ಟಬ್ಯಾಡ. ತಿಳೀತೇನು?"

"ತಿಳೀತ್ರಿ."

ಫಕೀರಪ್ಪ ಹಾಳೆ ಹಾಸಿದ. ಗುರುಗಳು ಜಗಲಿಯ ಮೇಲೆ ಕೂತರು. ಕೂತಲ್ಲಿ ಕೂರಲಾಗಲಿಲ್ಲ.

"ಫಕೀರಪ್ಪಾ, ಒಣಗೇತೇನು?"

"ಇನ್ನೂ ಹಸಿ ಐತ್ರಿ."

ಊಟವಾಯಿತು. "ಒಣಗೇತೇನು?"

"ಇನ್ನೂ ಇಲ್ರಿ."

ಮೂರನೇ ದಿನ ಹಾಳೆ ಒಣಗಿ ಹಲಗೆ ಬಿಟ್ಟು ಎದ್ದಿತು. ಬಲಗಡೆಯ ಕೆಳಮೂಲೆಯಲ್ಲಿ ಗುಳ್ಳೆ.

ಗುರುಗಳು ಅಂದು ಊಟ ಮಾಡಲಿಲ್ಲ. ಹೊಸ ಅಂಟು ಅರೆದು ಕಾಯಿಸಲು ಎರಡು ದಿನ ಹೋಯಿತು; ಆಮೇಲೆ ಎರಡನೆಯ ಹಾಳೆ ಹಾಸಿಸಿದರು. ಅದಕ್ಕೂ ಮೂರು ದಿನ ಹಿಡಿಯಿತು. ಅದೇ ಮೂಲೆ, ಅದೇ ಗುಳ್ಳೆ.

"ಲೇ, ನಿನ್ನ ಕೈಯಾಗ ದೆವ್ವ ಹೊಕ್ಕೇತೇನು?" ಎಂದು ಗುರುಗಳು ಕೂಗಿದರು. ಮರದ ಮೇಲಿನ ಬೆಳ್ಳಕ್ಕಿಗಳು ಹಾರಿಹೋದವು. "ನಿನಗ ಏನಂತ ಹೇಳಿದ್ದೆ?"

"ಮುಟ್ಟಬ್ಯಾಡ ಅಂದಿದ್ರಿ."

"ಮತ್ತ?"

"ಅದು ಏನಂದ್ರ..."

"ಬ್ಯಾಡ! ನಿನ್ನ ಪುರಾಣ ನನಗ ಬ್ಯಾಡ. ಹಾಳಿ ಹಾಸು. ಹಾಸಿ ಹೊಳಿ ದಾಟಿ ಆ ದಂಡಿಗೆ ಹೋಗು. ನಾ ಕರಿಯೂತನಕ ಅಲ್ಲೇ ಇರು. ಹಾಳಿ ನಾನ ಕಾಯ್ತೀನಿ."

ಫಕೀರಪ್ಪ ಮೂರನೆಯ ಹಾಳೆ ಹಾಸಿದ. ಬುತ್ತಿ ಕಟ್ಟಿಕೊಂಡ. ಬೇಸಿಗೆಯ ಹೊಳೆ, ಎದೆಮಟ್ಟದ ನೀರು. ಬುತ್ತಿಯನ್ನು ತಲೆಯ ಮೇಲಿಟ್ಟುಕೊಂಡು ದಾಟಿ, ಆಚೆ ದಂಡೆಯ ಹೊಂಗೆ ಮರದ ಕೆಳಗೆ ಕೂತ.

ಮಡಿವಾಳಜ್ಜ ಕೈಯಲ್ಲಿ ಬೆತ್ತ ಹಿಡಿದು ಹಲಗೆಯ ಪಕ್ಕದಲ್ಲೇ ಚಾಪೆ ಹಾಸಿಕೊಂಡರು. ಇನ್ನು ಯಾರು ಮೂಲೆ ಎತ್ತುತ್ತಾರೆ ನೋಡೇ ಬಿಡೋಣ ಎಂದುಕೊಂಡರು. ಮೂರು ವರ್ಷದಲ್ಲಿ ಮೊದಲ ಸಲ ಅವರ ಮನಸ್ಸಿಗೆ ಹಾಯೆನಿಸಿತು.

ಗಾಳಿ ಬೀಸಿತು. ಬಿಸಿಲು ಏರಿತು. ಗುರುಗಳಿಗೆ ಸಣ್ಣದೊಂದು ಜೊಂಪು ಹತ್ತಿ, ಬಿಟ್ಟಿತು.

ಜೊಂಪು ಬಿಟ್ಟ ಕೂಡಲೇ ಬಾಯಿ ತನ್ನ ಕೆಲಸ ತಾನು ಮಾಡಿತು.

"ಫಕೀರಪ್ಪಾ, ಒಣಗೇತೇನು?"

ಕೇಳಿದ್ದು ಅವರಿಗೆ ಗೊತ್ತೂ ಆಗಲಿಲ್ಲ. ಮತ್ತೆ ಕಣ್ಣು ಮುಚ್ಚಿದರು.

ಸ್ವಲ್ಪ ಹೊತ್ತಿಗೆ ನೀರಿನಲ್ಲಿ ಬುಳುಬುಳು ಸಪ್ಪಳವಾಯಿತು. ಯಾರೋ ದಂಡೆ ಹತ್ತಿದರು. ಒದ್ದೆ ಕಾಲಿನ ಹೆಜ್ಜೆಗಳು ಅಂಗಳ ದಾಟಿ ಬಂದು ಹಲಗೆಯ ಹತ್ತಿರ ನಿಂತವು. ಹನಿ ತೊಟ್ಟಿಕ್ಕುತ್ತಿತ್ತು.

"ಇನ್ನೂ ಹಸಿ ಐತ್ರಿ ಅಜ್ಜಾರ."

ಗುರುಗಳು ಧಡಕ್ಕನೆ ಎದ್ದು ಕೂತು ಕೈ ಚಾಚಿದರು. ಸಿಕ್ಕಿದ್ದು ಒದ್ದೆ ಮುಂಗೈ. ಅದರ ಬೆರಳುಗಳಲ್ಲಿ ಹಾಳೆಯ ಬಲಗಡೆಯ ಕೆಳಮೂಲೆ.

"ನೀ ಇಲ್ಲಿ ಹ್ಯಾಂಗ ಬಂದಿ?"

"ಈಸಿ ಬಂದ್ನಿರಿ."

"ಯಾಕ ಬಂದಿ ಅಂತ ಕೇಳಿದ್ನೋ!"

"ನೀವು ಕೇಳಿದ್ರೆಲ್ರಿ."

"ನಾ ಏನು ಕೇಳಿದೆ?"

"ಒಣಗೇತೇನು ಅಂತ ಕೇಳಿದ್ರಿ. ಗುರುಗಳು ಕೇಳಿದ್ರ ನೋಡದ ಹ್ಯಾಂಗ ಹೇಳೂದ್ರಿ? ಮ್ಯಾಲಿಂದ ನೋಡಿದ್ರ ತಿಳಿಯೂದಿಲ್ಲ. ಒಂದು ಮೂಲಿ ಎತ್ತಿ ಕೆಳಗ ನೋಡಬೇಕಾಗ್ತೈತ್ರಿ. ಎಲ್ಲಾ ಮೂಲಿ ಕೆಡಬಾರದಂತ ನಾ ದಿನಾ ಇದೊಂದ ಮೂಲಿ ಎತ್ತತೀನ್ರಿ."

ಮಡಿವಾಳಜ್ಜ ಅವನ ಮುಂಗೈ ಬಿಡಲಿಲ್ಲ.

"ಮುಟ್ಟಬ್ಯಾಡ ಅಂತ ಹೇಳಿರಲಿಲ್ಲೇನು?"

"ಹೇಳಿದ್ರಿ. ಆಮ್ಯಾಲೆ ಒಣಗೇತೇನು ಅಂತಾನೂ ಕೇಳಿದ್ರಿ."

"ಮೂರು ವರ್ಷದಿಂದ ಹಿಂಗ?"

"ಹೌದ್ರಿ."

"ಇದನ್ನ ನನಗ ಯಾಕ ಹೇಳಲಿಲ್ಲೋ, ಪುಣ್ಯಾತ್ಮ?"

"ಹೇಳಾಕ ಬಾಯಿ ತಗದಾಗೆಲ್ಲ ಬಾಯಿ ಮುಚ್ಚು ಅಂತಿದ್ರಿ."

ಮೂರು ವರ್ಷ ಇವನಿಗೆ ಬೈದ ಬೈಗುಳಗಳೆಲ್ಲ ಒಂದೊಂದಾಗಿ ತಿರುಗಿ ಬಂದು ಎದುರಿಗೆ ಕೂತವು. ನಾಚಿಕೆಯಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು. ಆದರೆ ಈ ಸಲದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕು ಎಂಬುದೇ ತಿಳಿಯಲಿಲ್ಲ.

"ದಿನಕ್ಕ ಎಷ್ಟು ಸಲ ಕೇಳ್ತೀನೋ ನಾ?"

ಮೀಟರ್ ಓದಿದ ಮನುಷ್ಯ. ಅವನಿಗೆ ಗೊತ್ತಿರದೆ ಇರುತ್ತದೆಯೇ?

"ನಿನ್ನಿ ಹನ್ನೊಂದು ಸಲ್ರಿ. ಮೊನ್ನಿ ಒಂಬತ್ತು. ಸಂಜಿಕ ಏನು ತಿಳೀತು ಅಂತ ಕೇಳೂದು ದಿನಕ್ಕ ಒಂದ ಸಲ್ರಿ. ಅದರಾಗ ಮಾತ್ರ ಒಂದು ದಿನಾನೂ ತಪ್ಪಿಲ್ಲ."

ಆ ಸಂಜೆ ದೀಪ ಹಚ್ಚಿದ ಮೇಲೆ ಫಕೀರಪ್ಪ ಎಂದಿನಂತೆ ಎದುರಿಗೆ ಬಂದು ಕೂತು, ಹುಡುಕಲು ಅಣಿಯಾಗಿ ಕಣ್ಣು ಮುಚ್ಚಿದ. ಗುರುಗಳು ಬಾಯಿ ತೆರೆದರು. ಹಾಗೇ ಮುಚ್ಚಿದರು.

"ಹೋಗು, ಉಣ್ಣು," ಎಂದರು.

ಹುಣ್ಣಿಮೆಗೆ ಐದೇ ದಿನ ಉಳಿದಿತ್ತು. ಮರುದಿನವೆಲ್ಲ ಗುರುಗಳು ಧೋತರ ಇಟ್ಟಿದ್ದ ಪೆಟ್ಟಿಗೆಯ ಮುಂದೆ ಕೂತಿದ್ದರು. ಅದರ ಮರುದಿನ ಬೆಳಿಗ್ಗೆ ದೊಡ್ಡಜ್ಜನ ಧೋತರದ ತುಂಡನ್ನು ಹೊರಗೆ ತೆಗೆದು ಫಕೀರಪ್ಪನ ಕೈಗಿಟ್ಟರು.

"ಅಜ್ಜಾರ, ನನ್ನ ಹಾಳಿ ಒಂದೂ ಇನ್ನೂ ಸರಿ ಬಂದಿಲ್ರಿ."

"ಗೊತ್ತೈತಿ."

"ಇದು ಕೆಟ್ರ ಬ್ಯಾರೆ ಅರಿವಿ ಇಲ್ರಿ."

"ಅದೂ ಗೊತ್ತೈತಿ. ಹಾಸು."

ಫಕೀರಪ್ಪ ಹಲಗೆಗೆ ಎಣ್ಣೆ ಸವರಿದ. ಅರಿವೆ ಹಾಸಿ, ಅಂಗೈಯಿಂದ ನಡುವಿನಿಂದ ಅಂಚಿಗೆ ನೀವಿದ. ಅಂಟು ಬಳಿದ. ಗುರುಗಳಿಗೆ ಕಾಣಿಸುತ್ತಿರಲಿಲ್ಲ, ಕೇಳಿಸುತ್ತಿತ್ತು. ಕುಂಚ ಎಲ್ಲೂ ತಡವರಿಸಲಿಲ್ಲ. ಕೈ ಮೊದಲಿನಿಂದಲೂ ಚೆನ್ನಾಗಿಯೇ ಇತ್ತಲ್ಲ ಎಂದು ಅವರಿಗೆ ಆಗ ಹೊಳೆಯಿತು.

"ಮ್ಯಾಲೆ ಏನು ಹಚ್ಚಲ್ರಿ?"

ಅರಳಿ ಎಲೆ ಹಚ್ಚು ಎನ್ನಬೇಕೆಂದಿದ್ದರು. ಅನ್ನಲಿಲ್ಲ. "ನಿನಗ ತಿಳಿದದ್ದು ಹಚ್ಚು."

ಹಾಳೆ ಹಾಸಿದ್ದಾಯಿತು. ಅಲ್ಲಿಂದ ಮಡಿವಾಳಜ್ಜನ ಕಷ್ಟ ಶುರುವಾಯಿತು.

ಧ್ಯಾನಕ್ಕೆ ಕೂತರೆ ಹಲಗೆಯೇ ಕಣ್ಣ ಮುಂದೆ ಬಂತು. ಜಪಕ್ಕೆ ಕೂತರೆ ನಾಲಿಗೆ ಮಂತ್ರ ಬಿಟ್ಟು ಬೇರೆ ಏನನ್ನೋ ಕೇಳಲು ಹವಣಿಸಿತು. ನಲವತ್ತು ವರ್ಷ ಸಾಧನೆ ಮಾಡಿದ ಮನುಷ್ಯ ಎರಡು ಶಬ್ದ ನುಂಗಿಕೊಳ್ಳಲಾರದೆ ಒದ್ದಾಡಿದರು. ಕಡೆಗೆ ಬಾಯಿ ತುಂಬ ಎಲೆ ಅಡಿಕೆ ತುರುಕಿಕೊಂಡು ಹೊಳೆಗೆ ಮುಖ ಮಾಡಿ ಕೂತರು.

ಎಲೆ ಅಡಿಕೆ ಎಷ್ಟು ಹೊತ್ತು ಇರುತ್ತದೆ? ಎರಡನೇ ದಿನ ಮಧ್ಯಾಹ್ನ ಅದನ್ನು ಉಗುಳಿದ ಕೂಡಲೇ ಮಾತು ಜಾರಿತು.

"ಫಕೀರಪ್ಪಾ, ಒಣ..."

"ರೀ?" ಫಕೀರಪ್ಪ ಎದ್ದು ನಿಂತ. ಒಂದು ಹೆಜ್ಜೆಯನ್ನೂ ಹಲಗೆಯ ಕಡೆ ಇಟ್ಟ.

"ಒಣ... ಒಣ ಮೇವು ಹಾಕಿದೇನು ಆಕಳಿಗೆ?"

"ನಮ್ಮಲ್ಲಿ ಆಕಳ ಎಲ್ಲೈತ್ರಿ ಅಜ್ಜಾರ?"

"ಇಲ್ಲಂದ್ರ ಬಿಡು!" ಎಂದು ಗುರುಗಳು ಗದರಿ, ಮತ್ತೊಂದು ಎಲೆ ಮಡಿಸಿದರು.

ಆ ಸಂಜೆ ಫಕೀರಪ್ಪ ಎದುರಿಗೆ ಬಂದು ಕೂರಲಿಲ್ಲ. ಮೆಟ್ಟಿಲ ಮೇಲೆ ಕೂತು ಹೊಳೆ ನೋಡುತ್ತಿದ್ದವನು ತಾನಾಗಿಯೇ ಹೇಳಿದ.

"ನೀವು ಕೇಳಿದ ಆಕಳ ಹೋದಮ್ಯಾಲೆ ನನಗ ಹಲಗಿ ನೆನಪ ಆಗ್ಲಿಲ್ರಿ ಅಜ್ಜಾರ. ಹಂಗ ಕುಂತಿದ್ದೆ."

ಇಲ್ಲದ ಆಕಳು ಎಲ್ಲಿಗೆ ಹೋಯಿತೋ ಗುರುಗಳಿಗೆ ತಿಳಿಯದು. ಹಾಗೆ ಕೂತಾಗ ಏನು ತಿಳಿಯಿತು ಎಂದು ಕೇಳಲು ಅವರ ನಾಲಿಗೆ ತುರಿಸಿತು. ಹಲಗೆಯ ಬಗ್ಗೆ ಸುಮ್ಮನಿದ್ದದ್ದಕ್ಕಿಂತ ಈ ಸುಮ್ಮನಿರುವುದು ಅವರಿಗೆ ಹೆಚ್ಚು ಕಷ್ಟವಾಯಿತು. ಆದರೂ ಸುಮ್ಮನಿದ್ದರು.

ಹುಣ್ಣಿಮೆಯ ಬೆಳಿಗ್ಗೆ ರುದ್ರಮುನಿಜ್ಜ ಬಂದರು. ಪುಸ್ತಕ ಸುತ್ತಿ ಒಯ್ಯಲು ಹೆಗಲ ಚೀಲದಲ್ಲಿ ಪ್ಲಾಸ್ಟಿಕ್ ಹಾಳೆಯನ್ನೂ ತಂದಿದ್ದರು. ಹಲಗೆಯ ಮೇಲೆ ಹಾಳೆ ಹಾಗೇ ಇತ್ತು. ಅದನ್ನು ಕಂಡು ಅಂಗಳದಲ್ಲೇ ನಿಂತು ಕೇಳಿದರು.

"ಏನಪ್ಪಾ ಫಕೀರಪ್ಪ, ಒಣಗೇತೇನು?"

ಫಕೀರಪ್ಪ ಎದ್ದ. ಹಲಗೆಯ ಹತ್ತಿರ ಹೋದ. ಬಾಗಿದ.

ಬ್ಯಾಡ ಎಂಬ ಕೂಗು ಗುರುಗಳ ನಾಲಿಗೆಯ ತುದಿಗೆ ಬಂದಿತ್ತು. ಕೈಯಲ್ಲಿದ್ದ ಬೆತ್ತವನ್ನು ಗಟ್ಟಿಯಾಗಿ ಹಿಡಿದುಕೊಂಡು ತುಟಿ ಕಚ್ಚಿದರು. ಬಾಗಿದ ಆ ಮಸುಕು ಆಕಾರ ಹಾಗೇ ಬಹಳ ಹೊತ್ತು ನಿಂತಂತೆ ಕಂಡಿತು.

ಫಕೀರಪ್ಪ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನೆಟ್ಟಗಾದ.

"ಗೊತ್ತಿಲ್ರಿ," ಎಂದ.

ಇಪ್ಪತ್ತೆಂಟು ವರ್ಷ ಮೀಟರ್ ಓದಿದವನ ಬಾಯಿಂದ ಈ ಮಾತು ಬಂದದ್ದು ಅದೇ ಮೊದಲು.

"ಗೊತ್ತಿಲ್ಲಂದ್ರ? ಎತ್ತಿ ನೋಡು!"

"ಒಣಗಿದ್ರ ತಾನ ಏಳ್ತೈತ್ರಿ. ಏಳೂತನಕ ಕುಂದರೂಣ್ರಿ. ಚಾ ಮಾಡ್ತೀನಿ."

ರುದ್ರಮುನಿಜ್ಜ ಗೊಣಗುತ್ತಾ ಜಗಲಿ ಹತ್ತಿದರು. ಚಹಾ ಆಯಿತು. ಆಶ್ರಮದಲ್ಲಿದ್ದ ದೊಡ್ಡಜ್ಜನ ಗದ್ದುಗೆಗೆ ಪೂಜೆಯಾಯಿತು. ಊಟವೂ ಆಯಿತು. ಮೂವರೂ ಸುಮ್ಮನೆ ಕೂತರು. ರುದ್ರಮುನಿಜ್ಜನಿಗೆ ಮಾತ್ರ ಕೂತಲ್ಲೇ ಮುಳ್ಳು ಚುಚ್ಚುತ್ತಿತ್ತು. ಅವರು ನಾಲ್ಕು ಸಲ ಆಕಳಿಸಿದರು, ಎರಡು ಸಲ ಚೀಲ ಹೆಗಲಿಗೇರಿಸಿ ಇಳಿಸಿದರು.

ಬಿಸಿಲು ಇಳಿಯುವ ಹೊತ್ತಿಗೆ ಹಲಗೆಯ ಕಡೆಯಿಂದ ಒಂದು ಸಣ್ಣ ಸಪ್ಪಳ ಬಂತು.

ಬಲಗಡೆಯ ಕೆಳಮೂಲೆ ತಾನಾಗಿಯೇ ಹಲಗೆ ಬಿಟ್ಟು ಮೇಲಕ್ಕೆದ್ದಿತ್ತು.

ಫಕೀರಪ್ಪ ಎರಡೂ ಕೈಯಲ್ಲಿ ಹಿಡಿದು ಎಳೆದ. ಹಾಳೆ ಇಡಿಯಾಗಿ ಬಂತು. ಅದನ್ನು ತಂದು ಗುರುಗಳ ತೊಡೆಯ ಮೇಲಿಟ್ಟ.

ಮಡಿವಾಳಜ್ಜ ನಡುಗುವ ಬೆರಳನ್ನು ನಾಲ್ಕು ಮೂಲೆಗೂ ಆಡಿಸಿದರು. ಎಲ್ಲೂ ಗುಳ್ಳೆ ಇರಲಿಲ್ಲ. ನಡುವೆ ಮಾತ್ರ ಏನೋ ಬೆರಳಿಗೆ ಹತ್ತಿತು. ಧೋತರದ ಅಂಚಿನಿಂದಲೇ ಬಿಚ್ಚಿದ ಒಂದು ಎಳೆ. ಅಂಕುಡೊಂಕಾಗಿ ಹೋಗಿ, ಹೊಳೆಯ ಹಾಗೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮುಟ್ಟಿತ್ತು. ಆ ಎಳೆಯನ್ನು ಅವರು ಮೂರು ಸಲ ಸವರಿದರು. ಅವರ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

ಅಲ್ಲೇ ಕೂತು ಫಕೀರಪ್ಪ ಪುಸ್ತಕದ ಪುಟಗಳನ್ನು ಜೋಡಿಸಿ, ಹೊಲಿದು, ಹೊದಿಕೆ ಹಾಕಿದ. ರುದ್ರಮುನಿಜ್ಜ ಪುಸ್ತಕವನ್ನು ತಿರುವಿ ಮುರುವಿ ನೋಡಿದರು. ಹಣೆಗೆ ಒತ್ತಿಕೊಂಡು ಮಡಿವಾಳಜ್ಜನ ಕೈಗೇ ಕೊಟ್ಟರು. ಪ್ಲಾಸ್ಟಿಕ್ ಹಾಳೆ ಚೀಲದಿಂದ ಹೊರಗೆ ಬರಲೇ ಇಲ್ಲ.

ಅವರು ಹೊರಟಾಗ ಮಡಿವಾಳಜ್ಜ ಬೆತ್ತ ಊರಿಕೊಂಡು ಹೊಳೆಯ ತನಕ ಕಳಿಸಲು ಬಂದರು. ನೀರಿಗೆ ಕಾಲಿಡುವ ಮುನ್ನ ರುದ್ರಮುನಿಜ್ಜ ತಿರುಗಿ ನಿಂತರು.

"ಹಾಳಿ ಚಂದ ಆಗೇತಿ, ಖರೆ. ಆದ್ರ ಮಡಿವಾಳಾ, ಈಗರ ಹೇಳು. ನಿನ್ನ ಶಿಷ್ಯ ತಯಾರಾದನೋ ಇಲ್ಲೋ?"

ಹಿಂದೆ, ಅಂಗಳದಲ್ಲಿ, ಫಕೀರಪ್ಪ ಹಲಗೆ ತೊಳೆಯುತ್ತಿದ್ದ. ತಿಕ್ಕುವ ಸಪ್ಪಳದ ನಡುವೆ ಅವನು ಏನನ್ನೋ ಗುನುಗುತ್ತಿದ್ದ. ಮಡಿವಾಳಜ್ಜ ಅದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ನನಗೇನು ಗೊತ್ತು ರುದ್ರಣ್ಣ? ನಾ ಮೂಲಿ ಎತ್ತಿ ನೋಡಿಲ್ಲ."